ಸರ್ಚ್ ಕೈಕೊಟ್ಟಾಗ: ವೈದ್ಯಕೀಯ ಲೇಖನ ಹುಡುಕುವವರಿಗೆ ದೋಷ ನಿವಾರಣೆ ಕೈಪಿಡಿ

ಥೀಸಿಸ್‌ನ ಸಿನಾಪ್ಸಿಸ್ (ಮುಂಚಿತ ರೂಪರೇಖೆ) ಸಲ್ಲಿಸುವ ದಿನ ಹತ್ತಿರ ಬಂದ ಹಾಗೆ ಲೈಬ್ರರಿಯ ಕಂಪ್ಯೂಟರ್ ಮುಂದೆ ಕೇಳಿಬರುವ ದೂರು ಎರಡೇ ಬಗೆ. "ಸರ್, ಈ ವಿಷಯದ ಮೇಲೆ ಯಾರೂ ಕೆಲಸ ಮಾಡಿಲ್ಲ ಅನ್ಸುತ್ತೆ" ಎನ್ನುವುದು ಒಂದು. "ಸರ್, ಲಕ್ಷದ ಮೇಲೆ ಬಂತು, ಎಲ್ಲಿಂದ ಓದ್ಲಿ" ಎನ್ನುವುದು ಇನ್ನೊಂದು. ಎರಡಕ್ಕೂ ಕಾರಣ ಬಹುತೇಕ ಒಂದೇ. ನಾವು ಕೇಳಿದ್ದು ಒಂದು, ಯಂತ್ರ ತಿಳಿದುಕೊಂಡದ್ದು ಇನ್ನೊಂದು. ಅದು ಏನು ತಿಳಿದುಕೊಂಡಿತು ಎಂದು ನೋಡದೆ ಪದ ಬದಲಿಸುತ್ತಾ ಕೂತರೆ ಸಂಜೆಯಾಗುತ್ತದೆ, ಕೆಲಸ ಆಗುವುದಿಲ್ಲ.

ಕೆಮ್ಮು ಎಂದು ಬಂದವರಿಗೆ ಮೊದಲೇ ಸಿಟಿ ಸ್ಕ್ಯಾನ್ ಬರೆಯುವುದಿಲ್ಲವಲ್ಲ, ಇಲ್ಲೂ ಹಾಗೆಯೇ. ಖರ್ಚಿಲ್ಲದ, ಒಂದು ನಿಮಿಷದ ತಪಾಸಣೆಗಳು ಮೊದಲು. ಹೆಚ್ಚಿನ ದೋಷ ಅಲ್ಲೇ ಸಿಗುತ್ತದೆ.

ಉದಾಹರಣೆಗೆ ನಮ್ಮ ಊರಿನದೇ ಒಂದು ವಿಷಯ ಇಟ್ಟುಕೊಳ್ಳೋಣ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಕೊಡಗಿನಲ್ಲಿ ಹಾವು ಕಡಿತ ಎಂದರೆ ನಾಗರ, ಮಂಡಲಗಳಷ್ಟೇ ಅಲ್ಲ. ಪಶ್ಚಿಮ ಘಟ್ಟದ ತರಗೆಲೆಯ ನಡುವೆ ಇರುವ, ಮೂಗಿನ ತುದಿ ಮೇಲಕ್ಕೆ ತಿರುಗಿದ ಗಿಡ್ಡ ಹಾವು ಹಂಪ್-ನೋಸ್ಡ್ ಪಿಟ್ ವೈಪರ್ ಕೂಡ ಲೆಕ್ಕಕ್ಕೆ ಬರುತ್ತದೆ. ನಮ್ಮ ದೇಶದ ಪಾಲಿವೇಲೆಂಟ್ ಆಂಟಿವೆನಮ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ತಯಾರಿಸಿದ್ದು. ಈ ಹಾವಿನ ವಿಷಕ್ಕೆ ಅದು ಕೆಲಸಕ್ಕೆ ಬರುವುದಿಲ್ಲ, ಕಡಿತದಿಂದ ಮೂತ್ರಪಿಂಡಕ್ಕೆ ಪೆಟ್ಟು ಬೀಳುವುದೂ ಉಂಟು. "ಈ ಹಾವಿನ ಕಡಿತ ಮತ್ತು ಕಿಡ್ನಿ ತೊಂದರೆ" ಎಂಬುದೇ ನಮ್ಮ ಪ್ರಶ್ನೆ ಎಂದುಕೊಳ್ಳಿ. ಹುಡುಕುವುದು ಪಬ್‌ಮೆಡ್‌ನಲ್ಲಿ, ಅಂದರೆ ವೈದ್ಯಕೀಯ ಲೇಖನಗಳ ಉಚಿತ ಆನ್‌ಲೈನ್ ಸೂಚಿಯಲ್ಲಿ. ಇಲ್ಲಿ ಕನ್ನಡದಲ್ಲಿ ಬರೆದ ಹುಡುಕುಪದಗಳನ್ನೆಲ್ಲ ಅದರ ಪೆಟ್ಟಿಗೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು.

ಶುರು ಮಾಡುವ ಮುಂಚೆ

ನಿಮ್ಮ ವಿಷಯಕ್ಕೆ ಖಂಡಿತ ಸೇರಿದ ಮೂರ್ನಾಲ್ಕು ಲೇಖನಗಳನ್ನು ಮೊದಲೇ ಕೈಲಿಟ್ಟುಕೊಳ್ಳಿ. ಗೈಡ್ ಕೊಟ್ಟದ್ದಾಗಲಿ, ಯಾವುದೋ ಹೊಸ ರಿವ್ಯೂ ಲೇಖನದ ಕೊನೆಯ ಪಟ್ಟಿಯಿಂದ ಎತ್ತಿದ್ದಾಗಲಿ ನಡೆಯುತ್ತದೆ. ನಮ್ಮ ಉದಾಹರಣೆಗೆ, ಈ ಹಾವಿನ ಕಡಿತ ಪ್ರಾಣಾಪಾಯ ತಂದ ಭಾರತದ ಪ್ರಕರಣಗಳನ್ನು ದಾಖಲಿಸಿದ 2007ರ ವರದಿ ಒಂದು, ಶ್ರೀಲಂಕಾದಿಂದ ಬಂದ ಎರಡು ಮೂರು ಅಧ್ಯಯನ. ಪ್ರತಿಯೊಂದರ ಪಿಎಂಐಡಿ, ಅಂದರೆ ಪಬ್‌ಮೆಡ್ ಆ ಲೇಖನಕ್ಕೆ ಕೊಟ್ಟ ಗುರುತಿನ ಸಂಖ್ಯೆ, ಬರೆದಿಟ್ಟುಕೊಳ್ಳಿ. ನಿಮ್ಮ ಸರ್ಚ್‌ಗೆ ಜ್ವರ ಇದೆಯೋ ಇಲ್ಲವೋ ಹೇಳುವ ಪರೀಕ್ಷೆ ಇವೇ. ಎಷ್ಟು ಬಂತು ಎಂಬ ಸಂಖ್ಯೆ ಅದನ್ನು ಹೇಳುವುದಿಲ್ಲ.

ಲಕ್ಷಣ: ಸೊನ್ನೆ ಬಂತು, ಅಥವಾ ಒಂದೋ ಎರಡೋ

ಮೊದಲ ಅನುಮಾನ: ಡಿಸರ್ಟೇಶನ್ ಶೀರ್ಷಿಕೆಯನ್ನೇ ಪೂರ್ತಿ ಪೇಸ್ಟ್ ಮಾಡಿದ್ದೀರಿ. "ಎ ಕ್ರಾಸ್ ಸೆಕ್ಷನಲ್ ಸ್ಟಡಿ ಆಫ್ ಕ್ಲಿನಿಕಲ್ ಪ್ರೊಫೈಲ್ ಅಂಡ್ ಔಟ್‌ಕಮ್ ಆಫ್ ಸ್ನೇಕ್ ಬೈಟ್ ಅಮಾಂಗ್ ಪ್ಲಾಂಟೇಶನ್ ವರ್ಕರ್ಸ್ ಇನ್ ಎ ಟರ್ಷಿಯರಿ ಕೇರ್ ಹಾಸ್ಪಿಟಲ್" ಎಂದು ಹಾಕಿದರೆ ಆ ಪದಗಳೆಲ್ಲವೂ ಒಂದೇ ದಾಖಲೆಯಲ್ಲಿ ಇರಲೇಬೇಕು ಎಂದು ಪಬ್‌ಮೆಡ್ ತಿಳಿಯುತ್ತದೆ. ಕ್ಲಿನಿಕಲ್ ಪ್ರೊಫೈಲ್, ಟರ್ಷಿಯರಿ ಕೇರ್, ಔಟ್‌ಕಮ್ ಇವು ನಮ್ಮ ಸಿನಾಪ್ಸಿಸ್ ಭಾಷೆ. ಬೇರೆ ದೇಶದ ಲೇಖಕ ಹಾಗೆ ಬರೆಯುವುದಿಲ್ಲ. ಅವನ್ನು ತೆಗೆಯಿರಿ. ಹಾವು ಒಂದು ಗುಂಪು, ಕಿಡ್ನಿ ಇನ್ನೊಂದು ಗುಂಪು, ಇಷ್ಟೇ ಉಳಿಯಲಿ.

ಎರಡನೆಯದು ಕಾಗುಣಿತ. ಹೇಳುವಷ್ಟೇನಿಲ್ಲ, ಒಮ್ಮೆ ಓದಿ ನೋಡಿ.

ಮೂರನೆಯದು ಆಂಡ್ (ಎರಡೂ ಇರಲಿ), ಆರ್ (ಯಾವುದಾದರೂ ಒಂದಿರಲಿ), ನಾಟ್ (ಇದು ಬೇಡ) ಎಂಬ ಮೂರು ಆದೇಶಗಳು. ಪಬ್‌ಮೆಡ್‌ನಲ್ಲಿ ಇವನ್ನು ಕ್ಯಾಪಿಟಲ್ ಅಕ್ಷರದಲ್ಲೇ ಬರೆಯಬೇಕು. ಫೋನಿನಲ್ಲಿ ಟೈಪ್ ಮಾಡುವವರಿಗೆ ಇದು ಜಾಸ್ತಿ ಕೈಕೊಡುತ್ತದೆ.

ನಾಲ್ಕನೆಯದು ಉದ್ಧರಣ ಚಿಹ್ನೆ. ಉದ್ದನೆಯ ನುಡಿಗಟ್ಟನ್ನು ಕೋಟ್ ಒಳಗೆ ಹಾಕಿದರೆ ಆ ಕ್ರಮದಲ್ಲೇ, ಆ ರೂಪದಲ್ಲೇ ಹುಡುಕುತ್ತದೆ. ಅದು ಪಬ್‌ಮೆಡ್‌ನ ನುಡಿಗಟ್ಟು ಸೂಚಿಯಲ್ಲಿ ಇಲ್ಲದಿದ್ದರೆ ಕೋಟ್ ಸಿಗಲಿಲ್ಲ ಎಂಬ ಸೂಚನೆ ಪುಟದ ಮೇಲ್ಭಾಗದಲ್ಲಿ ಬರುತ್ತದೆ. ಅದನ್ನು ಓದದೆ ಕೆಳಗೆ ಸ್ಕ್ರೋಲ್ ಮಾಡುವವರೇ ಹೆಚ್ಚು. ಇದಕ್ಕೆ ಪರಿಹಾರ ಸಾಮೀಪ್ಯ ಹುಡುಕಾಟ: ಎರಡು ಪದಗಳು ಇಷ್ಟು ಪದಗಳ ಅಂತರದೊಳಗೆ ಎಲ್ಲಿದ್ದರೂ ತಾ ಎಂದು ಕೇಳುವುದು. ಪಬ್‌ಮೆಡ್ ಇದನ್ನು 2022ರ ಕೊನೆಯಲ್ಲಿ ಸೇರಿಸಿತು. ಕೋಟ್ ಒಳಗೆ ಪದಗಳನ್ನು ಬರೆದು, ನಂತರದ ಚೌಕಾವರಣದಲ್ಲಿ ಫೀಲ್ಡ್ ಹೆಸರು (ದಾಖಲೆಯ ಯಾವ ಭಾಗದಲ್ಲಿ ಹುಡುಕಬೇಕು ಎಂಬುದು), ಕೋಲನ್, ಟಿಲ್ಡೆ ಚಿಹ್ನೆ (~), ಸಂಖ್ಯೆ. ಆದರೆ ಪದದ ಬುಡ ಬರೆದು ಮುಂದೆ ಏನಿದ್ದರೂ ತಾ ಎನ್ನುವ ನಕ್ಷತ್ರ ಚಿಹ್ನೆ (*) ಅಲ್ಲಿ ನಡೆಯುವುದಿಲ್ಲ.

ಇಷ್ಟೆಲ್ಲ ಸರಿಯಿದ್ದೂ ಐದೋ ಹತ್ತೋ ಮಾತ್ರ ಬಂದರೆ, ನಿಮ್ಮ ವಿಷಯವೇ ಅಷ್ಟು ಸಣ್ಣದಿರಬಹುದು. ಅದು ದೋಷವಲ್ಲ. ಕಿಡ್ನಿ ಗುಂಪನ್ನು ಬಿಟ್ಟು ಹಾವಿನ ಹೆಸರಷ್ಟನ್ನೇ ಹಾಕಿ, ಬಂದದ್ದನ್ನೆಲ್ಲ ಕಣ್ಣಲ್ಲೇ ನೋಡಿ. ಅಪರೂಪದ ವಿಷಯಕ್ಕೆ ಎರಡನೇ ಗುಂಪು ಸೇರಿಸುವುದೇ ತಪ್ಪು ಎನ್ನುವುದು ನನ್ನ ಅಭಿಪ್ರಾಯ. ಅಬ್‌ಸ್ಟ್ರಾಕ್ಟ್‌ನಲ್ಲಿ ಕಿಡ್ನಿಯ ಮಾತೇ ಎತ್ತದೆ, ಒಳಗಿನ ಕೋಷ್ಟಕದಲ್ಲಿ ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಕೊಟ್ಟ ಲೇಖನ ಎಷ್ಟೋ ಇರುತ್ತವೆ.

ಲಕ್ಷಣ: ಲಕ್ಷಗಟ್ಟಲೆ ಬರುತ್ತಿದೆ

ಆವರಣ ಚಿಹ್ನೆ ನೋಡಿ, ಬೇರೆ ಏನೂ ಮುಟ್ಟಬೇಡಿ. "ಸ್ನೇಕ್ ಬೈಟ್ ಆಂಡ್ ಕಿಡ್ನಿ ಇಂಜುರಿ ಆರ್ ರೀನಲ್ ಫೇಲ್ಯೂರ್" ಎಂದು ಬರೆದರೆ ಪಬ್‌ಮೆಡ್ ಎಡದಿಂದ ಬಲಕ್ಕೆ ಓದುತ್ತಾ ಹೋಗುತ್ತದೆ. ಮೊದಲು ಹಾವು ಮತ್ತು ಕಿಡ್ನಿ ಇಂಜುರಿಯನ್ನು ಜೋಡಿಸುತ್ತದೆ. ಆಮೇಲೆ ಅದಕ್ಕೆ ಲೋಕದ ರೀನಲ್ ಫೇಲ್ಯೂರ್ ಲೇಖನಗಳನ್ನೆಲ್ಲ ಸೇರಿಸುತ್ತದೆ. ಡಯಾಲಿಸಿಸ್, ಮಧುಮೇಹ, ಕಸಿ ಎಲ್ಲವೂ ಬಂದು ಕೂರುತ್ತವೆ. ಆರ್‌ನಿಂದ ಜೋಡಿಸಿದ ಸಮಾನಾರ್ಥಕ ಪದಗಳಿಗೆ ತಮ್ಮದೇ ಒಂದು ಆವರಣ ಬೇಕು, ಗುಂಪುಗಳ ನಡುವೆ ಆಂಡ್ ಬರಬೇಕು. ತೆರೆದ ಆವರಣ ಎಷ್ಟೋ ಮುಚ್ಚಿದ್ದೂ ಅಷ್ಟೇ ಇವೆಯೇ ಎಂದು ಬೆರಳಲ್ಲಿ ಎಣಿಸಿ.

ಆವರಣ ಸರಿಯಿದ್ದರೆ, ನಕ್ಷತ್ರ ಚಿಹ್ನೆಯನ್ನು ತೀರಾ ಮುಂಚೆ ಹಾಕಿದ್ದೀರಾ ನೋಡಿ. ಪದದ ಬುಡಕ್ಕೆ ಕನಿಷ್ಠ ನಾಲ್ಕು ಅಕ್ಷರ ಬೇಕು ಎಂಬುದು ಪಬ್‌ಮೆಡ್‌ನ ನಿಯಮ, ಆದರೆ ನಾಲ್ಕಕ್ಷರವೂ ಅಪಾಯವೇ. "ವೆನೊ" ಎಂಬ ನಾಲ್ಕು ಅಕ್ಷರಕ್ಕೆ ನಕ್ಷತ್ರ ಹಾಕಿದರೆ ವೆನಮ್ ಜೊತೆಗೆ ವೀನಸ್ ರಕ್ತನಾಳಗಳೂ ಬರುತ್ತವೆ.

ಕೊನೆಗೆ ಮೆಶ್. ಇದು ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1960ರಲ್ಲಿ ಶುರು ಮಾಡಿದ ವಿಷಯ ಶೀರ್ಷಿಕೆಗಳ ಪಟ್ಟಿ. ಒಂದು ಶೀರ್ಷಿಕೆ ಹಾಕಿದರೆ ಅದರ ಕೆಳಗಿನ ಕವಲುಗಳನ್ನೂ ಪಬ್‌ಮೆಡ್ ತಾನಾಗಿ ಸೇರಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಅದು ಒಳ್ಳೆಯದೇ. ಕವಲು ಬೇಡವಾದಾಗ ಮಾತ್ರ "ನೋ ಎಕ್ಸ್‌ಪ್ಲೋಡ್" ಆಯ್ಕೆ ಬಳಸಿ. ಆ ಶೀರ್ಷಿಕೆಯೇ ಮುಖ್ಯ ವಿಷಯವಾದ ಲೇಖನ ಮಾತ್ರ ಸಾಕು ಎಂದು "ಮೇಜರ್ ಟಾಪಿಕ್" ಹಾಕಿ ಬಿಗಿ ಮಾಡುವುದು ಓದಲು ಸಮಯವಿಲ್ಲದವರ ದಾರಿ, ಥೀಸಿಸ್‌ನವರದ್ದಲ್ಲ.

ಲಕ್ಷಣ: ಕೊಡಗು ಎಂದು ಹಾಕಿದರೆ ಬರೀ ಹಲ್ಲಿನ ಲೇಖನ

ಇದು ನಮ್ಮ ಜಿಲ್ಲೆಯವರಿಗೇ ಬರುವ ಕಾಯಿಲೆ. ಕೂರ್ಗ್ ಎಂದು ಟೈಪ್ ಮಾಡಿದರೆ ಬಾಯಿ, ವಸಡು, ಹಲ್ಲಿನ ಬೇರು ಇವುಗಳ ಲೇಖನಗಳೇ ಸಾಲುಸಾಲು. ಫೀಲ್ಡ್ ಹೇಳದೆ ಊರಿನ ಹೆಸರು ಹಾಕಿದಾಗ ಪಬ್‌ಮೆಡ್ ಲೇಖಕರ ವಿಳಾಸದಲ್ಲೂ ಹುಡುಕುತ್ತದೆ, ವಿರಾಜಪೇಟೆಯಲ್ಲಿ ದಂತ ವೈದ್ಯಕೀಯ ಕಾಲೇಜು ಇದೆ. ಅವರ ಅಧ್ಯಯನ ಕೊಡಗಿನ ಬಗ್ಗೆಯೇ ಇರಬೇಕೆಂದೇನೂ ಇಲ್ಲ. ಬರೆದವರು ಇಲ್ಲಿದ್ದಾರೆ, ಅಷ್ಟೇ. ಊರಿನ ಹೆಸರಿಗೆ ಟೈಟಲ್/ಅಬ್‌ಸ್ಟ್ರಾಕ್ಟ್ ಟ್ಯಾಗ್ (ಶೀರ್ಷಿಕೆ, ಸಾರಾಂಶದಲ್ಲಿ ಮಾತ್ರ ಹುಡುಕು ಎಂಬ ಗುರುತು) ಹಾಕಿದರೆ ವಿಳಾಸದ ಗದ್ದಲ ನಿಲ್ಲುತ್ತದೆ.

ಟ್ಯಾಗ್ ಹಾಕಿದ ಮೇಲೆ ತೀರಾ ಕಡಿಮೆ ಬಂದರೆ ಹೆಸರುಗಳ ಪಟ್ಟಿ ಹಿಗ್ಗಿಸಿ. ಕೊಡಗು, ಕೂರ್ಗ್, ಮಡಿಕೇರಿ, ಮರ್ಕೆರಾ, ವಿರಾಜಪೇಟೆಯ ಎರಡು ಮೂರು ಸ್ಪೆಲಿಂಗ್, ಸೋಮವಾರಪೇಟೆ, ಕುಶಾಲನಗರ, ಪೊನ್ನಂಪೇಟೆ. ಹಳೆಯ ಲೇಖನ ಬೇಕಾದರೆ ಇತಿಹಾಸವೂ ನೆನಪಿರಲಿ. 1956ರ ನವೆಂಬರ್ 1ರವರೆಗೆ ಕೂರ್ಗ್ ಬೇರೆಯೇ ರಾಜ್ಯ, ಆಮೇಲೆ 1973ರವರೆಗೆ ಮೈಸೂರು ರಾಜ್ಯದ ಜಿಲ್ಲೆ. ಆ ಕಾಲದ ಲೇಖಕ ರಾಜ್ಯದ ಹೆಸರನ್ನು ಕರ್ನಾಟಕ ಎಂದು ಬರೆದಿರುವ ಸಾಧ್ಯತೆ ತೀರಾ ಕಡಿಮೆ.

ಆದರೂ ಜಿಲ್ಲೆಯ ಹೆಸರನ್ನು ಮುಖ್ಯ ಸರ್ಚ್‌ನಲ್ಲಿ ಸೇರಿಸಲೇಬೇಡಿ ಎನ್ನುತ್ತೇನೆ. ಈ ಹಾವಿಗೆ ಜಿಲ್ಲೆಯ ಗಡಿ ಗೊತ್ತಿಲ್ಲ. ಅದರ ಮೇಲಿನ ಒಳ್ಳೆಯ ಕೆಲಸ ಬಹುಪಾಲು ಶ್ರೀಲಂಕಾ, ಕೇರಳಗಳದ್ದು. ಊರಿನ ಹೆಸರಿನ ಸರ್ಚ್ ಬೇರೆಯಾಗಿ ಒಮ್ಮೆ ಮಾಡಿ, "ಈ ಭಾಗದ ಮಾಹಿತಿ" ಎಂಬ ಪ್ಯಾರಾಕ್ಕೆ ಬಳಸಿ.

ಲಕ್ಷಣ: ಗೊತ್ತಿರುವ ಲೇಖನವೇ ಬರುತ್ತಿಲ್ಲ

ಎಲ್ಲಕ್ಕಿಂತ ಗಂಭೀರ ಲಕ್ಷಣ ಇದು. ಸಂಖ್ಯೆ ಚೆನ್ನಾಗಿ ಕಾಣುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಗೊತ್ತಿರುವ ನಾಲ್ಕರಲ್ಲಿ ಒಂದು ತಪ್ಪಿಸಿಕೊಂಡಿದೆ ಎಂದರೆ, ಗೊತ್ತಿಲ್ಲದವು ಇನ್ನೆಷ್ಟೋ ತಪ್ಪಿಸಿಕೊಂಡಿವೆ ಎಂದೇ ಅರ್ಥ.

ಪರೀಕ್ಷೆ ಹೀಗೆ. ಕೈಲಿರುವ ಪಿಎಂಐಡಿ ಸಂಖ್ಯೆಗಳನ್ನು ಆರ್‌ನಿಂದ ಜೋಡಿಸಿ ಒಮ್ಮೆ ಹುಡುಕಿ. ನಂತರ ನಿಮ್ಮ ಮುಖ್ಯ ಸರ್ಚ್ ಓಡಿಸಿ. ಅಡ್ವಾನ್ಸ್ಡ್ ಪುಟಕ್ಕೆ ಹೋದರೆ ಕೆಳಗೆ ಹಿಸ್ಟರಿಯಲ್ಲಿ ಎರಡಕ್ಕೂ ಕ್ರಮಸಂಖ್ಯೆ ಇರುತ್ತದೆ. ಮೊದಲನೆಯದು ನಾಟ್ ಎರಡನೆಯದು ಎಂದು ಹ್ಯಾಶ್ ಚಿಹ್ನೆಯ ಜೊತೆ ಬರೆದು ಓಡಿಸಿ. ಸೊನ್ನೆ ಬಂದರೆ ಎಲ್ಲವೂ ಬಲೆಗೆ ಬಿದ್ದಿವೆ. ಏನಾದರೂ ಬಂದರೆ ಅದೇ ತಪ್ಪಿಸಿಕೊಂಡದ್ದು.

ಈಗ ಅದೇ ಹಿಸ್ಟರಿಯಲ್ಲಿ ನಿಮ್ಮ ಮುಖ್ಯ ಸರ್ಚ್ ಸಾಲಿನ ಡೀಟೇಲ್ಸ್ ಬಾಣ ಒತ್ತಿ. ನೀವು ಬರೆದದ್ದನ್ನು ಪಬ್‌ಮೆಡ್ ಹೇಗೆ ಬಿಡಿಸಿಕೊಂಡಿತು ಎಂಬುದು ಪೂರ್ತಿ ಕಾಣುತ್ತದೆ. ಹಾರ್ಟ್ ಅಟ್ಯಾಕ್ ಎಂದು ಬರೆದರೆ ಅದು ತಾನಾಗಿ ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್ ಎಂಬ ಮೆಶ್ ಶೀರ್ಷಿಕೆಯನ್ನೂ ಸೇರಿಸಿಕೊಳ್ಳುತ್ತದೆ. ಕೋಟ್, ನಕ್ಷತ್ರ ಅಥವಾ ಫೀಲ್ಡ್ ಟ್ಯಾಗ್ ಹಾಕಿದ ಕೂಡಲೇ ಈ ಸಹಾಯ ನಿಂತುಹೋಗುತ್ತದೆ. ಸರ್ಚ್ "ಅಡ್ವಾನ್ಸ್ಡ್" ಆಗಲಿ ಎಂದು ನಕ್ಷತ್ರ ಹಾಕಿ, ಮೆಶ್ ಕಳೆದುಕೊಂಡವರನ್ನು ದಿನಾ ನೋಡುತ್ತೇವೆ. ಟ್ಯಾಗ್ ಹಾಕಿ, ಬೇಡ ಎನ್ನುವುದಿಲ್ಲ, ಆದರೆ ಮೆಶ್ ಶೀರ್ಷಿಕೆಯನ್ನು ನೀವೇ ಕೈಯಾರೆ ಸೇರಿಸಿ.

ಆಮೇಲೆ ತಪ್ಪಿಸಿಕೊಂಡ ಲೇಖನದ ದಾಖಲೆ ತೆರೆದು ಮೂರು ಜಾಗ ನೋಡಿ: ಶೀರ್ಷಿಕೆ, ಅಬ್‌ಸ್ಟ್ರಾಕ್ಟ್, ಕೆಳಗಿನ ಮೆಶ್ ಪಟ್ಟಿ. ನಮ್ಮ ಹಾವಿನ ವಿಷಯದಲ್ಲಿ ಸಿಗುವುದು ಇಂಥವು:

ಶ್ರೀಲಂಕಾದವರು ಹಂಪ್-ನೋಸ್ಡ್ ವೈಪರ್ ಎಂದಷ್ಟೇ ಬರೆಯುತ್ತಾರೆ, ನಡುವಿನ "ಪಿಟ್" ಇಲ್ಲ. ನೀವು ಪೂರ್ತಿ ಹೆಸರನ್ನು ಕೋಟ್‌ನಲ್ಲಿ ಹಾಕಿದ್ದರೆ ಅವರೆಲ್ಲ ಹೊರಗುಳಿದರು. ವೈಜ್ಞಾನಿಕ ಹೆಸರು ಹಿಪ್ನೇಲ್ ಹಿಪ್ನೇಲ್. ಹಳೆಯ ಲೇಖನಗಳಲ್ಲಿ ಅದೇ ಹಾವು ಆಗ್ಕಿಸ್ಟ್ರೊಡಾನ್ ಅಥವಾ ಆನ್ಸಿಸ್ಟ್ರೊಡಾನ್ ಕುಲದಲ್ಲಿತ್ತು. ಇಂದು ಅಕ್ಯೂಟ್ ಕಿಡ್ನಿ ಇಂಜುರಿ ಎನ್ನುವುದನ್ನು ಎರಡು ದಶಕದ ಹಿಂದೆ ಅಕ್ಯೂಟ್ ರೀನಲ್ ಫೇಲ್ಯೂರ್ ಎನ್ನುತ್ತಿದ್ದರು. ನಮ್ಮ ವಾರ್ಡಿನಲ್ಲಿ ಎಲ್ಲರ ಬಾಯಲ್ಲೂ ಎಎಸ್‌ವಿ. ಲೇಖನಗಳಲ್ಲಿ ಆಂಟಿವೆನಮ್, ಆಂಟಿವೆನಿನ್, ಆಂಟಿ ಸ್ನೇಕ್ ವೆನಮ್ ಮೂರೂ ಇವೆ, ಮೆಶ್ ಶೀರ್ಷಿಕೆ ಮಾತ್ರ ಆಂಟಿವೆನಿನ್ಸ್. ಸ್ನೇಕ್‌ಬೈಟ್ ಒಂದೇ ಪದವಾಗಿಯೂ ಎರಡು ಪದವಾಗಿಯೂ ಬರುತ್ತದೆ. ಎನ್‌ವೆನಮಿಂಗ್, ಎನ್‌ವೆನಮೇಶನ್ ಬೇರೆ. ಅನೀಮಿಯಾ, ಡಯರಿಯಾ ಇಂಥ ವಿಷಯದವರಿಗೆ ಬ್ರಿಟಿಷ್ ಮತ್ತು ಅಮೆರಿಕನ್ ಸ್ಪೆಲಿಂಗ್ ಎರಡೂ ಕಡ್ಡಾಯ.

ಬರೀ ಮೆಶ್ ನಂಬಿದವರಿಗೆ ಇನ್ನೊಂದು ಹಳ್ಳ ಇದೆ. ಪಬ್‌ಮೆಡ್ ಬೇರೆ, ಮೆಡ್‌ಲೈನ್ ಬೇರೆ. ಮೆಡ್‌ಲೈನ್ ಎಂಬುದು ಆಯ್ದ ಜರ್ನಲ್‌ಗಳ ಭಾಗ, ಮೆಶ್ ಶೀರ್ಷಿಕೆ ಸಿಗುವುದು ಅದಕ್ಕೆ. ಪೂರ್ತಿ ಲೇಖನಗಳ ಉಚಿತ ಸಂಗ್ರಹವಾದ ಪಬ್‌ಮೆಡ್ ಸೆಂಟ್ರಲ್ ಮೂಲಕ ಮಾತ್ರ ಒಳಗೆ ಬಂದ ಲೇಖನಗಳಿಗೆ ಮೆಶ್ ಇರುವುದಿಲ್ಲ, ನಮ್ಮ ದೇಶದ ಎಷ್ಟೋ ಜರ್ನಲ್‌ಗಳು ಈ ದಾರಿಯಲ್ಲೇ ಬಂದವು. ಜೊತೆಗೆ ಒಂದು ಶೀರ್ಷಿಕೆ ಇತ್ತೀಚೆಗೆ ಹುಟ್ಟಿದ್ದಾದರೆ ಹಳೆಯ ಲೇಖನಗಳಿಗೆ ಅದನ್ನು ಅಂಟಿಸಿರುತ್ತಾರೆ ಎಂಬ ಭರವಸೆ ಇಲ್ಲ. 2022ರಿಂದ ಮೆಶ್ ಹಚ್ಚುವ ಕೆಲಸವನ್ನು ಹೆಚ್ಚಾಗಿ ಕಂಪ್ಯೂಟರೇ ಮಾಡುತ್ತದೆ. ಬೇಗ ಆಗುತ್ತದೆ, ಆದರೆ ಶೀರ್ಷಿಕೆ ಕೆಲವೊಮ್ಮೆ ಆಚೀಚೆ ಆಗಬಹುದು. ಆದ್ದರಿಂದ ಪ್ರತಿ ಗುಂಪಿನಲ್ಲೂ ಮೆಶ್ ಶೀರ್ಷಿಕೆ ಒಂದು ಕಡೆ, ಟೈಟಲ್/ಅಬ್‌ಸ್ಟ್ರಾಕ್ಟ್ ಪದಗಳು ಇನ್ನೊಂದು ಕಡೆ, ನಡುವೆ ಆರ್.

ಪದ ಸೇರಿಸಿದ ಮೇಲೆ ಮತ್ತೆ ನಾಟ್ ಪರೀಕ್ಷೆ. ಸೊನ್ನೆ ಬರುವವರೆಗೆ.

ಲಕ್ಷಣ: ನಿನ್ನೆ ಬಂದದ್ದು ಇವತ್ತು ಇಲ್ಲ

ಎಡಗಡೆಯ ಫಿಲ್ಟರ್ ನೋಡಿ. ನಿನ್ನೆ ಯಾವುದಕ್ಕೋ "ಹ್ಯೂಮನ್ಸ್" ಅಥವಾ "5 ವರ್ಷ" ಒತ್ತಿದ್ದೀರಿ, ಅದು ಹಾಗೇ ಅಂಟಿಕೊಂಡಿದೆ. ಪಬ್‌ಮೆಡ್ ಫಿಲ್ಟರ್ ನೀವು ತೆಗೆಯುವವರೆಗೆ ಮುಂದಿನ ಸರ್ಚ್‌ಗಳಿಗೂ ಅನ್ವಯಿಸುತ್ತದೆ. ಲೈಬ್ರರಿಯ ಕಂಪ್ಯೂಟರ್‌ನಲ್ಲಿ ನಿಮಗಿಂತ ಮುಂಚೆ ಕೂತವರ ಫಿಲ್ಟರ್ ಕೂಡ ಇರಬಹುದು. ಹ್ಯೂಮನ್ಸ್ ಫಿಲ್ಟರ್ ನಿಂತಿರುವುದು ಮೆಶ್ ಮೇಲೆ, ಆದ್ದರಿಂದ ಮೆಶ್ ಇಲ್ಲದ ಲೇಖನ ಮನುಷ್ಯರದ್ದೇ ಆದರೂ ಹಾರಿಹೋಗುತ್ತದೆ. ಪ್ರಾಣಿ ಅಧ್ಯಯನ ಬೇಡವಾದರೆ "ಅನಿಮಲ್ಸ್ ಮೆಶ್ ನಾಟ್ ಹ್ಯೂಮನ್ಸ್ ಮೆಶ್" ಎಂಬುದನ್ನು ಆವರಣದೊಳಗಿಟ್ಟು, ಆ ಆವರಣಕ್ಕೆ ಹೊರಗಿಂದ ನಾಟ್ ಹಾಕಿ. ಬರೀ ನಾಟ್ ಅನಿಮಲ್ಸ್ ಎಂದರೆ ಎರಡೂ ಶೀರ್ಷಿಕೆ ಇರುವ ಲೇಖನಗಳು ಹೋಗುತ್ತವೆ. ಮೆಶ್ ವರ್ಗೀಕರಣದಲ್ಲಿ ಮನುಷ್ಯನೂ ಪ್ರಾಣಿಯೇ, ಆದ್ದರಿಂದ ನಷ್ಟ ಸಣ್ಣದಾಗಿರುವುದಿಲ್ಲ.

ಹಿಸ್ಟರಿಯೇ ಖಾಲಿಯಾಗಿದ್ದರೆ ದೋಷವಲ್ಲ, ನಿಯಮ. ಎಂಟು ಗಂಟೆ ಬಳಸದೆ ಬಿಟ್ಟರೆ ಅದು ಅಳಿಸಿಹೋಗುತ್ತದೆ. ಜುಲೈ ಮಳೆಯಲ್ಲಿ ಮರ ಬಿದ್ದು ಮಧ್ಯಾಹ್ನ ಹೋದ ಕರೆಂಟು ಮಾರನೇ ದಿನ ಬರುವ ಊರು ನಮ್ಮದು. ಪಬ್‌ಮೆಡ್‌ನ ಮೈ ಎನ್‌ಸಿಬಿಐ ಖಾತೆ ಉಚಿತ, ಅದರಲ್ಲಿ ಸರ್ಚ್ ಉಳಿಸಿ. ಇದರ ಮೇಲೂ ಪ್ರತಿ ಸಲ ಪೂರ್ತಿ ಸ್ಟ್ರಿಂಗ್ (ಪೆಟ್ಟಿಗೆಯಲ್ಲಿ ಬರೆದ ಹುಡುಕು ಸಾಲು), ಡೇಟಾಬೇಸ್ ಹೆಸರು, ದಿನಾಂಕ, ಬಂದ ಸಂಖ್ಯೆ ಈ ನಾಲ್ಕನ್ನು ಒಂದು ಫೈಲಿನಲ್ಲಿ ಬರೆದಿಡಿ. ಪಬ್‌ಮೆಡ್‌ಗೆ ದಿನವೂ ಲೇಖನ ಸೇರುವುದರಿಂದ ಸಂಖ್ಯೆ ಸ್ವಲ್ಪ ಹೆಚ್ಚಾಗುವುದು ಸಹಜ, ದಿನಾಂಕ ಇಲ್ಲದ ಸಂಖ್ಯೆಗೆ ಬೆಲೆಯಿಲ್ಲ. ಸರ್ಚ್ ಮಾಡಿದ್ದನ್ನು ಹೇಗೆ ವರದಿ ಮಾಡಬೇಕು ಎಂದು ಹೇಳುವ 2021ರ ಪ್ರಿಸ್ಮಾ-ಎಸ್ ಮಾರ್ಗಸೂಚಿಯೂ ಕೇಳುವುದು ಇಂಥದ್ದನ್ನೇ.

ಲಕ್ಷಣ: ಹಳೆಯ ಲೇಖನ ಒಂದೂ ಇಲ್ಲ

ಪಬ್‌ಮೆಡ್‌ನಲ್ಲಿ ಈಗ 1940ರ ದಶಕದಷ್ಟು ಹಿಂದಿನ ದಾಖಲೆಗಳೂ ಇವೆ, ಆದರೆ ತೀರಾ ಹಳೆಯವಕ್ಕೆ ಅಬ್‌ಸ್ಟ್ರಾಕ್ಟ್ ಇಲ್ಲ. ಟೈಟಲ್/ಅಬ್‌ಸ್ಟ್ರಾಕ್ಟ್ ಎಂದು ಕೇಳಿದರೂ ಅಲ್ಲಿ ಸಿಗುವುದು ಶೀರ್ಷಿಕೆ ಮಾತ್ರ. ಹಾಗಾಗಿ ಹಳೆಯದಕ್ಕೆ ಕಡಿಮೆ ಪದದ, ಸಡಿಲವಾದ ಸರ್ಚ್ ಬೇರೆಯೇ ಮಾಡಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯ ಬಗ್ಗೆ ಬರೆಯುವವರು ಇದನ್ನು ಮರೆಯಬಾರದು, ಆರಂಭದ ಕೆಲಸವೆಲ್ಲ ಆ ಕಾಲದ್ದೇ.

ಇದು ಬರೀ ಪಾಂಡಿತ್ಯದ ವಿಷಯವಲ್ಲ. 2001ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಆಸ್ತಮಾ ಅಧ್ಯಯನವೊಂದಕ್ಕೆ ಹೆಕ್ಸಾಮೆಥೋನಿಯಮ್ ಉಸಿರಿನೊಂದಿಗೆ ಎಳೆದುಕೊಂಡ 24 ವರ್ಷದ ಆರೋಗ್ಯವಂತ ಸ್ವಯಂಸೇವಕಿ ತೀರಿಕೊಂಡರು. ಆ ಔಷಧದಿಂದ ಶ್ವಾಸಕೋಶಕ್ಕೆ ಹಾನಿ ಎಂಬ ವರದಿಗಳು 1950ರ ದಶಕದಲ್ಲೇ ಬಂದಿದ್ದವು. ಆಗಿನ ಪಬ್‌ಮೆಡ್ 1966ರಿಂದ ಈಚೆಗಿನದನ್ನು ಮಾತ್ರ ತೋರಿಸುತ್ತಿತ್ತು, ಹುಡುಕಾಟ ಅದರ ಹಿಂದಕ್ಕೆ ಸರಿಯಾಗಿ ಹೋಗಿರಲಿಲ್ಲ. ಔಷಧದ ಪ್ರಯೋಗ, ವಿಷಕಾರಿ ಪರಿಣಾಮ ಇಂಥ ವಿಷಯದಲ್ಲಿ "10 ವರ್ಷ" ಫಿಲ್ಟರ್ ಒತ್ತುವ ಮುಂಚೆ ಇದು ನೆನಪಾಗಲಿ.

ಲಕ್ಷಣ: ಗೂಗಲ್ ಸ್ಕಾಲರ್‌ನಲ್ಲಿ ಇದೆ, ಪಬ್‌ಮೆಡ್‌ನಲ್ಲಿ ಇಲ್ಲ

ಆ ಜರ್ನಲ್ ಪಬ್‌ಮೆಡ್‌ಗೆ ಸೇರಿಲ್ಲ, ಸಾಮಾನ್ಯವಾಗಿ ಇಷ್ಟೇ ಕಾರಣ. ಆಗ್ನೇಯ ಏಷ್ಯಾ ವಲಯದ ಜರ್ನಲ್‌ಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ಐಎಂಎಸ್‌ಇಎಆರ್ ಸೂಚಿ ಉಚಿತ. ಭಾರತದ ಪ್ರಯೋಗಗಳಿಗೆ 2007ರಿಂದ ಇರುವ ಸಿಟಿಆರ್‌ಐ ನೋಂದಣಿ ನೋಡಿ. ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ ಇದೆ. ಸ್ಕಾಲರ್ ಒಳ್ಳೆಯ ಸಹಾಯಕ, ಯಾರು ಯಾರನ್ನು ಉಲ್ಲೇಖಿಸಿದ್ದಾರೆ ಎಂದು ಹಿಂಬಾಲಿಸಲು ಅದರಷ್ಟು ಸುಲಭ ಬೇರೆಯಿಲ್ಲ. ಆದರೆ ಅದು ಎಷ್ಟೇ ಸಾವಿರ ಎಂದು ತೋರಿಸಿದರೂ ನೋಡಲು ಬಿಡುವುದು ಮೊದಲ 1000 ಮಾತ್ರ, ನಕ್ಷತ್ರ ಚಿಹ್ನೆಯೂ ಅಲ್ಲಿ ಕೆಲಸ ಮಾಡುವುದಿಲ್ಲ. ಸ್ಕಾಲರ್ ಒಂದನ್ನೇ ನಂಬಿ ಥೀಸಿಸ್ ಬರೆಯಬೇಡಿ.

ಇದರ ಜೊತೆಗೇ ಬರುವ ದೂರು: ಪಬ್‌ಮೆಡ್ ಸ್ಟ್ರಿಂಗ್ ಅನ್ನು ಎಂಬೇಸ್, ಕಾಕ್ರೇನ್ ಲೈಬ್ರರಿಯಂಥ ಬೇರೆ ಡೇಟಾಬೇಸ್‌ನಲ್ಲಿ ಪೇಸ್ಟ್ ಮಾಡಿದರೆ ಎರರ್. ಆಗಲೇಬೇಕು. ಟ್ಯಾಗ್‌ಗಳು ಬೇರೆ, ಸಾಮೀಪ್ಯದ ಚಿಹ್ನೆ ಬೇರೆ. ಎಂಬೇಸ್‌ಗೆ ಮೆಶ್ ಬದಲು ಎಮ್‌ಟ್ರೀ (Emtree) ಎಂಬ ತನ್ನದೇ ಪಟ್ಟಿ. ಪದಗಳನ್ನು ಉಳಿಸಿಕೊಂಡು ಚಿಹ್ನೆಗಳನ್ನು ಕೈಯಾರೆ ಬದಲಿಸಿ. ಎರಡು ಕಡೆಯ ಫಲಿತಾಂಶ ಸೇರಿಸಿದಾಗ ಒಂದೇ ಲೇಖನ ಎರಡೆರಡು ಸಲ ಬರುವುದೂ ಸಹಜ, ರೆಫರೆನ್ಸ್ ಜೋಡಿಸಿಡುವ ಝೊಟೆರೊ ತಂತ್ರಾಂಶದಲ್ಲಿ ಹಾಕಿ ನಕಲು ತೆಗೆಯಿರಿ. ಅದೂ ಉಚಿತವೇ.

ಲಕ್ಷಣ: ಅಬ್‌ಸ್ಟ್ರಾಕ್ಟ್ ಮಾತ್ರ ಸಿಗುತ್ತದೆ, ಒಳಗೆ ಹೋದರೆ ಡಾಲರ್ ಕೇಳುತ್ತದೆ

ದುಡ್ಡು ಕೊಡುವುದು ಕೊನೆಯ ಮಾತು. ಮೊದಲು ದಾಖಲೆಯ ಬಲಗಡೆ ಪಬ್‌ಮೆಡ್ ಸೆಂಟ್ರಲ್ ಗುಂಡಿ ಇದೆಯೇ ನೋಡಿ. ಬ್ರೌಸರ್‌ಗೆ ಅನ್‌ಪೇವಾಲ್ ಎಂಬ ಎಕ್ಸ್‌ಟೆನ್ಶನ್ ಹಾಕಿಕೊಂಡರೆ ಲೇಖಕರು ಕಾನೂನುಬದ್ಧವಾಗಿ ಬೇರೆಡೆ ಇಟ್ಟ ಪ್ರತಿಯನ್ನು ತೋರಿಸುತ್ತದೆ. ನಂತರ ನಿಮ್ಮ ಕಾಲೇಜಿನ ಚಂದಾ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಹೆಲಿನೆಟ್ ಎಂಬ ಗ್ರಂಥಾಲಯ ಜಾಲ ಇದೆ. 2025ರ ಜನವರಿ 1ರಿಂದ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಕೇಂದ್ರದ ಒನ್ ನೇಶನ್ ಒನ್ ಸಬ್‌ಸ್ಕ್ರಿಪ್ಶನ್ ಕೂಡ ಶುರುವಾಗಿದೆ. ಕಾಲೇಜಿನ ವೈಫೈನಲ್ಲಿ ತೆರೆಯುವ ಲೇಖನ ಮನೆಯಲ್ಲಿ ತೆರೆಯದಿದ್ದರೆ ಅದು ನಿಮ್ಮ ಮೊಬೈಲ್ ನೆಟ್‌ನ ತಪ್ಪಲ್ಲ. ಹೊರಗಿನಿಂದ ನೋಡಲು ಬೇರೆ ಲಾಗಿನ್ ಬೇಕು, ಲೈಬ್ರರಿಯಲ್ಲಿ ಕೇಳಿ. ಯಾವುದೂ ಆಗದಿದ್ದರೆ ಲೇಖಕರಿಗೆ ಎರಡು ಸಾಲಿನ ಮೇಲ್ ಬರೆಯಿರಿ, ಖುಷಿಯಿಂದ ಕಳಿಸುವವರು ಎಷ್ಟೋ ಜನ. ವಾಟ್ಸ್ಯಾಪ್ ಗುಂಪಿನಲ್ಲಿ ಲಾಗಿನ್ ಮಾರುವವರ ಸಹವಾಸ ಬೇಡ. ಪಾಸ್‌ವರ್ಡ್ ಯಾರದ್ದೋ, ತೊಂದರೆ ನಿಮ್ಮದು.

ಲಕ್ಷಣ: ರೆಫರೆನ್ಸ್ ಇದೆ, ಲೇಖನ ಎಲ್ಲೂ ಇಲ್ಲ

ಚಾಟ್‌ಬಾಟ್ ಕೊಟ್ಟದ್ದೇ? ಹಾಗಿದ್ದರೆ ಆ ಲೇಖನ ಹುಟ್ಟೇ ಇರಲಿಕ್ಕಿಲ್ಲ. ನಿಜವಾದ ಲೇಖಕರ ಹೆಸರು, ನಿಜವಾದ ಜರ್ನಲ್, ನಂಬುವಂಥ ವರ್ಷ ಎಲ್ಲ ಹೊಂದಿಸಿ ಇಲ್ಲದ ಲೇಖನವನ್ನು ಅವು ಕಟ್ಟಬಲ್ಲವು. ಪಬ್‌ಮೆಡ್‌ನ ಸಿಂಗಲ್ ಸೈಟೇಶನ್ ಮ್ಯಾಚರ್‌ನಲ್ಲಿ ಜರ್ನಲ್, ವರ್ಷ, ಪುಟ ಹಾಕಿ ನೋಡಿ. ಪಿಎಂಐಡಿ ಕೊಟ್ಟಿದ್ದರೆ ಅದನ್ನೇ ಹುಡುಕಿ, ಬೇರೆಯೇ ಯಾವುದೋ ಲೇಖನ ತೆರೆದುಕೊಂಡರೆ ಉತ್ತರ ಸಿಕ್ಕಿತು. ಸಮಾನಾರ್ಥಕ ಪದ ಕೇಳಲು ಚಾಟ್‌ಬಾಟ್ ಬಳಸಿ, ಅಡ್ಡಿಯಿಲ್ಲ. ರೆಫರೆನ್ಸ್ ಕೇಳಬೇಡಿ. ರೋಗಿಯ ಹೆಸರು, ಐಪಿ (ಒಳರೋಗಿ) ನಂಬರ್, ಫೋಟೊ ಅದರಲ್ಲಿ ಹಾಕುವುದಂತೂ ಖಂಡಿತ ಕೂಡದು. ಕೊಡಗಿನಂಥ ಸಣ್ಣ ಜಿಲ್ಲೆಯಲ್ಲಿ ವಯಸ್ಸು, ತೋಟದ ಹೆಸರು, ಕಡಿತದ ದಿನಾಂಕ ಇಷ್ಟು ಹೇಳಿದರೇ ಯಾರೆಂದು ಗೊತ್ತಾಗಿಬಿಡುತ್ತದೆ.

ಲೇಖನ ಇದ್ದೂ ಮೇಲೆ ಕೆಂಪು ಪಟ್ಟಿಯಲ್ಲಿ ರಿಟ್ರ್ಯಾಕ್ಟೆಡ್ (ಹಿಂಪಡೆಯಲಾಗಿದೆ) ಎಂದು ಇದ್ದರೆ ಅದನ್ನು ಸಾಕ್ಷ್ಯವಾಗಿ ಬಳಸುವಂತಿಲ್ಲ. ಹಳೆಯ ಪಿಡಿಎಫ್‌ನಲ್ಲಿ ಈ ಪಟ್ಟಿ ಕಾಣುವುದಿಲ್ಲ, ಆದ್ದರಿಂದ ಸಲ್ಲಿಸುವ ಮುಂಚೆ ಒಮ್ಮೆ ದಾಖಲೆಯನ್ನು ಹೊಸದಾಗಿ ತೆರೆಯಿರಿ. ಝೊಟೆರೊ ಇದನ್ನು ತಾನಾಗಿ ಎಚ್ಚರಿಸುತ್ತದೆ. ಪಬ್‌ಮೆಡ್‌ನಲ್ಲಿ ಇದೆ ಎಂದ ಮಾತ್ರಕ್ಕೆ ಲೇಖನ ಒಳ್ಳೆಯದು ಎಂಬ ಮುದ್ರೆಯೂ ಬಿದ್ದಿಲ್ಲ.

ಎಲ್ಲಿ ನಿಲ್ಲಿಸಬೇಕು, ಯಾವಾಗ ಕರೆಯಬೇಕು

ರೋಗಿ ಎದುರಿಗಿದ್ದರೆ ಇದಾವುದೂ ಬೇಡ. ಹಾವು ಕಡಿದವರು ಕ್ಯಾಶುಯಾಲಿಟಿಯಲ್ಲಿ ಇರುವಾಗ ಪಬ್‌ಮೆಡ್ ತೆರೆದು ಕೂರುವಂತಿಲ್ಲ. ಸರ್ಕಾರದ ಚಿಕಿತ್ಸಾ ಮಾರ್ಗಸೂಚಿ ಮತ್ತು ಸೀನಿಯರ್, ಇಬ್ಬರೇ ಆಗ ದಾರಿ. ಮೂರು ಅಬ್‌ಸ್ಟ್ರಾಕ್ಟ್ ಓದಿ ಡೋಸ್ ಬದಲಿಸಬೇಡಿ.

ಸರ್ಚ್‌ನಲ್ಲಿ ನಿಲ್ಲಿಸುವ ಗುರುತು ಹೀಗೆ: ಗೊತ್ತಿರುವ ಲೇಖನಗಳೆಲ್ಲ ಬಲೆಯಲ್ಲಿವೆ, ಹೊಸ ಸಮಾನಾರ್ಥಕ ಪದ ಸೇರಿಸಿದರೂ ವಿಷಯಕ್ಕೆ ಸೇರಿದ್ದು ಹೊಸದಾಗಿ ಬರುತ್ತಿಲ್ಲ, ಸಿಕ್ಕ ಲೇಖನಗಳ ಕೊನೆಯ ಪಟ್ಟಿಯಲ್ಲೂ ಕಾಣದ್ದು ಇಲ್ಲ. ಅಲ್ಲಿಗೆ ಸಾಕು. ಮೈ ಎನ್‌ಸಿಬಿಐಯಲ್ಲಿ ಅಲರ್ಟ್ ಹಾಕಿಡಿ, ಥೀಸಿಸ್ ಮುಗಿಯುವ ಹೊತ್ತಿಗೆ ಹೊಸದು ಬಂದರೆ ಮೇಲ್‌ಗೆ ಬರುತ್ತದೆ.

ಸಿಸ್ಟಮ್ಯಾಟಿಕ್ ರಿವ್ಯೂ (ಒಂದು ಪ್ರಶ್ನೆಯ ಮೇಲಿನ ಅಧ್ಯಯನಗಳನ್ನೆಲ್ಲ ಕ್ರಮವಾಗಿ ಹುಡುಕಿ ತೂಗುವ ವಿಮರ್ಶೆ) ಮಾಡಲು ಹೊರಟಿದ್ದರೆ ಮೊದಲ ದಿನವೇ ಗ್ರಂಥಪಾಲಕರನ್ನು ಕರೆಯಿರಿ, ಜರ್ನಲ್‌ನವರು ತಿರುಗಿ ಕಳಿಸಿದ ಮೇಲಲ್ಲ. ಸ್ಟ್ರಿಂಗ್ ಓಡಿಸುವ ಮುಂಚೆ ಇನ್ನೊಬ್ಬರು ಸಾಲುಸಾಲಾಗಿ ತಪಾಸಣೆ ಮಾಡಲೆಂದೇ ಪ್ರೆಸ್ ಎಂಬ ಪರಿಶೀಲನಾ ಪಟ್ಟಿ ಇದೆ. ಮೂರು ಸಲ ಸರಿಪಡಿಸಿಯೂ ನಾಟ್ ಪರೀಕ್ಷೆಯಲ್ಲಿ ಅದೇ ಲೇಖನ ಉಳಿಯುತ್ತಿದ್ದರೂ ಬನ್ನಿ. ಬರುವಾಗ ನಿಮ್ಮ ಪ್ರಶ್ನೆ ಒಂದು ಸಾಲಿನಲ್ಲಿ, ಗೊತ್ತಿರುವ ಲೇಖನಗಳ ಪಿಎಂಐಡಿ, ಓಡಿಸಿದ ಸ್ಟ್ರಿಂಗ್ ಇಷ್ಟನ್ನು ತನ್ನಿ. ಸ್ಟ್ರಿಂಗ್ ಅನ್ನು ಟೆಕ್ಸ್ಟ್ ಆಗಿ ಮೇಲ್ ಮಾಡಿ. ಮೊಬೈಲಿನಲ್ಲಿ ತೆಗೆದ ಸ್ಕ್ರೀನ್ ಫೋಟೊದಲ್ಲಿ ಆವರಣ ಚಿಹ್ನೆ ಕಾಣುವುದಿಲ್ಲ.